ಮೂರು ಹತ್ತರ ಬಿಸಿಲು

ಕಣ್ಣು ಮಿಟುಕಿಸಬೇಡಿ ಎಂದ ತಕ್ಷಣವೇ ಜನ ಕಣ್ಣು ಮಿಟುಕಿಸುತ್ತಾರೆ ಎಂಬುದು ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಬೆಳಿಗ್ಗೆ ಪಾಸ್‌ಪೋರ್ಟ್ ಅಳತೆಯ ಫೋಟೋಗೆಂದು ಬಂದು ಸ್ಟೂಲಿನ ಮೇಲೆ ಕೂತ ಮುದುಕರಿಗೆ ಅದನ್ನೇ ಮೂರು ಸಲ ಹೇಳಿದ. ಮೂರನೆಯ ಸಲ ಅವರು, "ನಾನಲ್ಲಪ್ಪ, ನೀನೇ ಮಿಟುಕಿಸ್ತಾ ಇರೋದು" ಎಂದು ನಕ್ಕರು. ನಿಜ. ಅವನ ಎಡಗಣ್ಣಿನ ರೆಪ್ಪೆ ಹನ್ನೊಂದು ದಿನಗಳಿಂದ ತನ್ನಷ್ಟಕ್ಕೆ ಅದುರುತ್ತಿತ್ತು. ಕೌಂಟರಿನ ಹಿಂದೆ ಕೂತು ಫೋಟೋಗಳನ್ನು ಕವರಿಗೆ ಹಾಕುತ್ತಿದ್ದ ಭಾವ ತಲೆಯೆತ್ತಿ ಅವನನ್ನೊಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದರು. ಅಕ್ಕನ ಗಂಡ, ಸ್ಟುಡಿಯೋದ ಯಜಮಾನರು. ಬಾಯಿ ಬಿಡದೆ ಹೇಳುವುದನ್ನೆಲ್ಲ ಹೇಳಬಲ್ಲವರು. ಇವತ್ತು ಮೂರು ಗಂಟೆಗೆ, ಮರೀಬೇಡ. ಮರೆಯುವುದು ಎಲ್ಲಿಂದ ಬಂತು? ವಿಚಾರಣೆಗೆ ಬರಬೇಕೆಂಬ ಕಾಗದ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತು, ಉಸಿರೆಳೆದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು. ಅದರ ಹಿಂದೆ ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡ್ ಇತ್ತು. ಅದಿರುವುದು ಭಾವನಿಗೆ ಗೊತ್ತಿರಲಿಲ್ಲ.

ಐಸ್ ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಎಲ್ಲ ಅರವತ್ತೆರಡು ಜನರದ್ದೂ ಒಂದೇ ಫೋಟೋ ಬೇಕೆಂದಿದ್ದರು. ಆದರೆ ಎಲ್ಲರನ್ನೂ ಒಟ್ಟಿಗೆ ಹೊರಗೆ ಕರೆದರೆ ಯಂತ್ರ ನೋಡುವವರು ಯಾರು? "ಐದೈದು, ಆರಾರು ಜನ ಬಂದು ಹೋಗ್ತಾರೆ. ನೀನು ಆಮೇಲೆ ಸೇರಿಸ್ಕೋ. ಅದರಲ್ಲಿ ನೀನು ಭೂಪ ಅಂತ ಕೇಳಿದೀನಿ" ಎಂದು ಮ್ಯಾನೇಜರ್ ಬೆನ್ನು ತಟ್ಟಿದ್ದರು. ಬೆನ್ನು ತಟ್ಟಿಸಿಕೊಂಡ ಖುಷಿಯಲ್ಲಿ ಅವನು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಅಂಗಳದಲ್ಲಿ ಸ್ಟ್ಯಾಂಡ್ ಊರಿ, ಅದು ಅಲುಗದಂತೆ ಮರಳಿನ ಚೀಲ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದರಿಂದ ಅರವತ್ತೆರಡರವರೆಗೆ ಬರೆದಿದ್ದ. ಹಿಂದೆ ಕಟ್ಟಡದ ಹಣೆಯ ಮೇಲೆ ದೊಡ್ಡ ಗಡಿಯಾರ. ಒಂದೊಂದು ಗುಂಪೂ ತನ್ನ ತನ್ನ ಅಂಕಿಯ ಮೇಲೆ ನಿಂತು, ನಕ್ಕು, ಮತ್ತೆ ಒಳಗೆ ಹೋಗುತ್ತಿತ್ತು. ಹನ್ನೊಂದು ಗುಂಪು, ಆರು ತಾಸಿನ ಬಿಸಿಲು. ಬೆಳಗಿನವರ ನೆರಳು ಎಡಕ್ಕೆ ಬಿದ್ದರೆ ಮಧ್ಯಾಹ್ನದವರದ್ದು ಬಲಕ್ಕೆ. ಅವನ್ನೆಲ್ಲ ಒರೆಸಿ ಎಲ್ಲರ ಕಾಲಿಗೂ ಒಂದೇ ಸೂರ್ಯನ ನೆರಳನ್ನು ಅಂಟಿಸುವುದೇ ಈ ಕೆಲಸದ ಗುಟ್ಟು. ಹತ್ತು ನಲವತ್ತರ ಹೊತ್ತಿಗೆ ಬಂದ ಗುಂಪಿನಲ್ಲಿ ಮೀಟರಣ್ಣ ಇದ್ದ. ಗ್ಯಾಸಿನ ಒತ್ತಡ ತೋರಿಸುವ ಮೀಟರುಗಳ ಮುಂದೆ ಇಪ್ಪತ್ತೈದು ವರ್ಷ ಕೂತು ಆ ಹೆಸರು ಬಂದಿತ್ತು. ಬದಲಿಗೆ ಇನ್ನೊಬ್ಬನನ್ನು ಕೂರಿಸಿ ಬಂದಿದ್ದವನು, "ಬೇಗ ಒತ್ತಪ್ಪ, ಅಲ್ಲಿ ನನ್ನ ಹೆಂಡತಿಗಿಂತ ಸಿಡುಕಿನ ಮೀಟರು ಕಾಯ್ತಾ ಇದೆ" ಎಂದು ಎಲ್ಲರನ್ನೂ ನಗಿಸಿದ್ದ.

ಕೊನೆಯ ಗುಂಪು ಮ್ಯಾನೇಜರ್ ಮತ್ತು ಆಫೀಸಿನ ಐದು ಜನ. ಮೂರು ಹತ್ತಕ್ಕೆ ಅವರ ಫೋಟೋ ತೆಗೆದ. ಎರಡು ನಿಮಿಷಕ್ಕೆ ಸೈರನ್ ಕೂಗಿತು.

ಅದರ ಮಾರನೆಯ ದಿನವೇ ಮ್ಯಾನೇಜರ್ ಫೋನ್ ಮಾಡಿ ಆ ಫೋಟೋ ಬೇಕೆಂದಾಗ ಅವನಿಗೆ ಆಶ್ಚರ್ಯವಾಗಿತ್ತು. ಅಮೋನಿಯಾ ಸೋರಿ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ಸತ್ತಿದ್ದಾಳೆ, ಏಳು ಜನ ಆಸ್ಪತ್ರೆಯಲ್ಲಿದ್ದಾರೆ, ಈಗ ಯಾರಿಗೆ ಬೇಕು ಫೋಟೋ? ಸತ್ತವಳ ನೆನಪಿಗಿರಬಹುದು ಎಂದು ತಾನೇ ಸಮಾಧಾನ ಮಾಡಿಕೊಂಡು ಎರಡು ದಿನ ಕಂಪ್ಯೂಟರ್ ಮುಂದೆ ಕೂತ. ಭಯವಾದಾಗ ಕೆಲಸ ಮಾಡುವುದು ಅವನ ಹಳೆಯ ಚಟ. ಸತ್ತವಳ ಕೆನ್ನೆಯ ಮೇಲೆ ಬೆಳಕನ್ನು ಎಷ್ಟು ಜೋಪಾನವಾಗಿ ಇಟ್ಟನೆಂದರೆ ಅವಳೇ ನೋಡಿದ್ದರೆ ನಾಚುತ್ತಿದ್ದಳು. ನಡುವೆ ಮ್ಯಾನೇಜರ್ ಇನ್ನೊಂದು ಸಲ ಫೋನ್ ಮಾಡಿದರು: "ಮೀಟರಣ್ಣನನ್ನು ತೆಗೆದು ನಮ್ಮ ಸಾಲಿಗೆ ಹಾಕು, ನನ್ನ ಪಕ್ಕಕ್ಕೆ. ಹಳಬ, ಪಾಪ. ಒಂದು ಗೌರವ." ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೇ ಅವನು ಮೀಟರಣ್ಣನನ್ನು ಹತ್ತು ನಲವತ್ತರಿಂದ ಎತ್ತಿ ಮೂರು ಹತ್ತರ ಸಾಲಿಗೆ, ಮ್ಯಾನೇಜರ್ ಪಕ್ಕಕ್ಕೆ ತಂದು ನಿಲ್ಲಿಸಿದ. ಮುಖದ ಬಲಗಡೆಗೆ ಇಳಿಬಿಸಿಲಿನ ಬಣ್ಣ ಬಳಿದ, ಪಾದಕ್ಕೆ ನೆರಳು ಕಟ್ಟಿದ. ಜೋಡಣೆಯ ಗೆರೆ ಎಲ್ಲಿದೆಯೆಂದು ತನಗೇ ಗೊತ್ತಾಗದಷ್ಟು ಚೆನ್ನಾಗಿ ಮಾಡಿದ್ದೆ ಎಂಬ ಹೆಮ್ಮೆಯಿಂದ ಆ ದಿನ ಎರಡು ತುತ್ತು ಹೆಚ್ಚಾಗಿಯೇ ಉಂಡಿದ್ದ.

ಮೂರನೆಯ ದಿನ ಕಾರ್ಖಾನೆಯವರು ಕಾರ್ಮಿಕ ಇಲಾಖೆಗೆ ಬರೆದುಕೊಟ್ಟರು: ಒತ್ತಡ ಏರಿದ್ದು ಮೂರು ಗಂಟೆಗೆ, ವಾಲ್ವ್ ಮುಚ್ಚಬೇಕಾದ ಮೀಟರ್ ಆಪರೇಟರ್ ಆಗ ಜಾಗದಲ್ಲಿರಲಿಲ್ಲ. ಬೆಳಗಿನ ಗುಂಪು ತಪ್ಪಿಸಿಕೊಂಡು, ಹೇಳದೆ ಕೇಳದೆ ಹೊರಗೆ ಬಂದು ನಮ್ಮ ಜೊತೆ ಫೋಟೋಗೆ ನಿಂತಿದ್ದ. ಸೈರನ್ ಆದ ಮೇಲೆ ಒಳಗೆ ಓಡಿದ. ಸಾಕ್ಷಿಗೆ ಫೋಟೋ ಲಗತ್ತಿಸಿದೆ; ನಮ್ಮ ಸಾಲಿನದ್ದು ತೆಗೆದದ್ದು ಮೂರು ಹತ್ತಕ್ಕೆ, ಗಡಿಯಾರದಲ್ಲೇ ಕಾಣುತ್ತದೆ. ಬೆಳಿಗ್ಗೆ ಮೀಟರಣ್ಣನ ಜೊತೆ ನಿಂತವರಲ್ಲಿ ಇಬ್ಬರು ಆಸ್ಪತ್ರೆಯಲ್ಲಿದ್ದರು, ಉಳಿದವರಿಗೆ ನೆನಪಿರಲಿಲ್ಲ. ಆಫೀಸಿನ ಐವರೂ 'ಗಮನಿಸಲಿಲ್ಲ' ಎಂದು ಒಂದೇ ಮಾತನ್ನು ಬರೆದುಕೊಟ್ಟಿದ್ದರು. ಮೀಟರಣ್ಣನ ಗಂಟಲು ಸುಟ್ಟು ಮಾತೇ ಹೊರಡುತ್ತಿರಲಿಲ್ಲ. ಮ್ಯಾನೇಜರ್ ಫೋನಿನ ಸ್ಪೀಕರಿನಲ್ಲಿ, "ಬಿಡಿಬಿಡಿ ಫೋಟೋಗಳು ಇನ್ಯಾಕೆ? ಅಳಿಸಿಬಿಡು" ಎಂದರು, ಊಟ ಆಯ್ತಾ ಎಂದು ಕೇಳುವ ದನಿಯಲ್ಲಿ. ಭಾವ ಕೌಂಟರಿನಿಂದ, "ಅಳಿಸ್ತಾನೆ ಸರ್" ಎಂದು ಅವನ ಪರವಾಗಿ ಗಟ್ಟಿಯಾಗಿ ಹೇಳಿದರು. ಹನ್ನೊಂದು ಗುಂಪಿನವನ್ನು ಒಂದೊಂದಾಗಿ ಅಳಿಸುತ್ತ ಬಂದ. ಪ್ರತಿ ಸಲವೂ ಕಂಪ್ಯೂಟರ್ ಖಚಿತವೇ ಎಂದು ಕೇಳುತ್ತಿತ್ತು, ಪ್ರತಿ ಸಲವೂ ಅವನು ಹೌದೆನ್ನುತ್ತಿದ್ದ. ಹತ್ತು ಗುಂಪು ಮುಗಿದು ಹತ್ತು ನಲವತ್ತರದ್ದೊಂದು ಉಳಿದಿರುವಾಗ ಯಾರೋ ಮಗುವಿನ ಫೋಟೋಗೆ ಬಂದರು, ಮಗು ಅತ್ತಿತು, ಗಿಲಕಿ ಆಡಿಸಲು ಇವನನ್ನು ಕರೆದರು. ಮತ್ತೆ ಬಂದು ಕೂತಾಗ ಬೆರಳು ಒತ್ತಲಿಲ್ಲ. ಅದಕ್ಕೆ ಧೈರ್ಯವೆಂದು ಹೆಸರಿಡಲು ಅವನಿಗೇ ನಾಚಿಕೆ. ಕಾರ್ಡಿಗೆ ಇಳಿಸಿಕೊಂಡು ಕಂಪ್ಯೂಟರಿನಿಂದ ಅಳಿಸಿದ. ಮನೆಯಲ್ಲಿಡಲು ಭಯ, ಸ್ಟುಡಿಯೋದಲ್ಲಿಡಲು ಭಯ, ಬಿಸಾಡಲು ಇನ್ನೂ ಭಯ. ಕೊನೆಗೆ ಜೇಬಿನಲ್ಲೇ ಉಳಿಯಿತು.

ಮುದುಕರು ಹೋದ ಮೇಲೆ ಒಬ್ಬ ಹೆಂಗಸು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಇಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಹಾಕ್ಕೊಂಡೇ ಬನ್ನಿ ಎಂದು ಭಾವ ಹೇಳಿದರೂ ಕೇಳಿಸಿಕೊಳ್ಳದೆ ಬರಿಗಾಲಲ್ಲಿ ಬಂದು ನಿಂತು, ತಾನು ಮೀಟರಣ್ಣನ ಹೆಂಡತಿ ಎಂದಳು. ಭಾವನ ಕೈಯಲ್ಲಿದ್ದ ಕವರು ಅಲ್ಲೇ ನಿಂತಿತು.

"ಆ ದೊಡ್ಡ ಫೋಟೋದಲ್ಲಿ ಇವರು ನಗ್ತಾ ಇದ್ದಾರಲ್ಲ. ಮುಖ ಒಂದನ್ನೇ ತೆಗೆದು ದೊಡ್ಡದು ಮಾಡಿ ಕೊಡ್ತೀರಾ?"

"ಯಾಕಮ್ಮ?" ಎಂದ. ಯಾಕೆ ಎಂದು ಕೇಳುವ ಪ್ರಶ್ನೆಯೇ ಅಲ್ಲ ಅದು.

"ಮಗಳು ಅಪ್ಪನ್ನ ನೋಡೋಕೆ ಹೆದರ್ತಾಳೆ. ಮುಖ ಊದಿ ಬಿಟ್ಟಿದೆ. ಹಾಸಿಗೆ ಪಕ್ಕ ಒಂದು ಫೋಟೋ ಇಟ್ರೆ, ನೋಡು, ಇವರೇ ಅವರು ಅಂತ ಹೇಳಬಹುದು."

ಕಂಪ್ಯೂಟರಿನಲ್ಲಿ ಫೋಟೋ ತೆರೆದು, ಮ್ಯಾನೇಜರ್ ಪಕ್ಕದ ಆ ಮುಖವನ್ನು ಹಿಗ್ಗಿಸಿದ. ಅವಳು ಅವನ ಕುರ್ಚಿಯ ಹಿಂದೆ ನಿಂತು ಬಗ್ಗಿದಳು. ಸೋಪಿನ ವಾಸನೆ, ಆಸ್ಪತ್ರೆಯ ವಾಸನೆ. ಅವನು ಬಲಗೆನ್ನೆಯ ಮೇಲೆ ತಾನೇ ಬಳಿದ ಬಿಸಿಲನ್ನು ನೋಡುತ್ತಿದ್ದ.

"ಇದು ಬೆಳಗಿನ ತಲೆ" ಎಂದಳು.

"ಏನಮ್ಮ?"

"ನೀರು ಹಚ್ಚಿ ಬಾಚ್ಕೊಂಡು ಹೋಗ್ತಾರೆ. ಹನ್ನೊಂದು, ಹನ್ನೊಂದೂವರೆ ತನಕ ಹೀಗೆ ಕೂತಿರುತ್ತೆ. ಮಧ್ಯಾಹ್ನದ ಬುತ್ತಿ ಕೊಡೋಕೆ ಹೋದಾಗೆಲ್ಲ ನೋಡ್ತೀನಲ್ಲ, ಅಷ್ಟೊತ್ತಿಗೆ ಕೂದಲೆಲ್ಲ ಎದ್ದು ಮುಳ್ಳುಹಂದಿ ಆಗಿರ್ತಾರೆ. ಮೂರು ಗಂಟೆಗೆ ಹೀಗಿರೋದು ಹೇಗೆ?"

ಭಾವ ಕೆಮ್ಮಿದರು. ಅವನ ಬಾಯಿಂದ ಮಾತು ತಾನಾಗಿ ಹೊರಬಿತ್ತು: "ಫೋಟೋಗೆ ಅಂತ ಮತ್ತೆ ಬಾಚಿಕೊಂಡಿರಬಹುದು."

"ಇರಬಹುದು" ಎಂದಳು ಅವಳು.

ಜಗಳ ತೆಗೆದಿದ್ದರೆ ತಡೆದುಕೊಳ್ಳಬಹುದಿತ್ತು. ನಂಬಿದಳೋ, ನಂಬದೆ ಹಾಗೆಂದಳೋ? ಪ್ರಿಂಟನ್ನು ಕೈಗೆ ಕೊಡುವಾಗ, "ಬೇಗ ಹುಷಾರಾಗ್ತಾರೆ" ಎಂದ. ಅವಳು ಒದ್ದೆಯಿದೆಯೇನೋ ಎಂಬಂತೆ ಅದನ್ನು ಅಂಚಿನಲ್ಲಿ ಹಿಡಿದುಕೊಂಡು ಹೋದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಅವಳು ತಡಮಾಡಿದ ಆ ಕ್ಷಣದಲ್ಲಿ ಕರೆಯಬಹುದಿತ್ತು. ಕರೆಯಲಿಲ್ಲ.

ಊಟಕ್ಕೆ ಮೇಲಿನ ಮನೆಗೆ ಹೋದಾಗ ಅಕ್ಕ, "ಏನೋ, ತುತ್ತು ಕೈಯಲ್ಲೇ ಆರ್ತಾ ಇದೆ" ಎಂದಳು. ಭಾವ ತಟ್ಟೆಯ ಮೇಲೆ ಕಣ್ಣಿಟ್ಟು ಪಾಠ ಒಪ್ಪಿಸುವವರ ಹಾಗೆ ಶುರುಮಾಡಿದರು: "ಫೋಟೋ ತೆಗೆದದ್ದು ನೀವೇನಾ ಅಂತಾರೆ. ಹೌದು ಅನ್ನು. ಗಡಿಯಾರ ಸರಿಯಿತ್ತಾ ಅಂತಾರೆ. ಹೌದು ಅನ್ನು. ಎರಡೂ ಸುಳ್ಳಲ್ಲ. ಮೂರನೇದು ಕೇಳಿದ್ರೆ ನೆನಪಿಲ್ಲ ಅನ್ನು. ಅದೂ ಸುಳ್ಳಲ್ಲ, ನಿನಗೆ ಯಾವತ್ತು ಏನು ನೆನಪಿತ್ತು?" ಅಕ್ಕ ನಗಬೇಕೋ ಬೇಡವೋ ತಿಳಿಯದೆ ಸೌಟು ಹಿಡಿದು ನಿಂತಳು. ಚಿಕ್ಕವನಿದ್ದಾಗ ಅವನು ಅವಳ ಬಳೆ ಒಡೆದು, ಒಡೆದದ್ದು ಬೆಕ್ಕೆಂದು ಹೇಳಿದ್ದಕ್ಕೆ ಅಪ್ಪ ಬೆಕ್ಕನ್ನು ಚೀಲದಲ್ಲಿ ಹಾಕಿ ಎಲ್ಲಿಗೋ ಬಿಟ್ಟು ಬಂದಿದ್ದರು. ಅಕ್ಕನಿಗೆ ನಿಜ ಗೊತ್ತಿತ್ತು. ಅವತ್ತೂ ಹೀಗೆಯೇ, ಕೈಯಲ್ಲೇನೋ ಹಿಡಿದು, ಏನೂ ಹೇಳದೆ ನಿಂತಿದ್ದಳು.

ವಿಚಾರಣೆ ನಡೆಯುತ್ತಿದ್ದದ್ದು ಕಾರ್ಮಿಕ ಇಲಾಖೆಯ ಎರಡನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ. ಭಾವ ಸ್ಕೂಟರಿನಲ್ಲಿ ಕರೆತಂದು, ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಮೀಟರಣ್ಣನ ಹೆಂಡತಿ ತನ್ನ ಸರದಿಗೆ ಕಾದು ಕೂತಿದ್ದಳು. ಒಳಗೆ ಅಧಿಕಾರಿ, ಅವನ ಅಕ್ಕನ ವಯಸ್ಸಿನ ಹೆಂಗಸು, ಕನ್ನಡಕವನ್ನು ಹಣೆಗೇರಿಸಿ ಕಾಗದ ಓದುತ್ತಿದ್ದರು. ಪಕ್ಕದಲ್ಲಿ ಗುಮಾಸ್ತ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಿದ್ದ. ಮ್ಯಾನೇಜರ್ ಕಿಟಕಿಯ ಬಳಿ ಕೂತಿದ್ದವರು ಅವನನ್ನು ಕಂಡು ನೆಂಟರ ಮನೆಯ ಮದುವೆಯಲ್ಲಿ ಕಂಡಹಾಗೆ ತಲೆಯಾಡಿಸಿದರು. ಅವನೂ ತಲೆಯಾಡಿಸಿಬಿಟ್ಟ. ಮೇಜಿನ ಮೇಲೆ ಅರವತ್ತೆರಡು ಮುಖಗಳೂ ಅವನನ್ನೇ ನೋಡಿ ನಗುತ್ತಿದ್ದವು.

"ಫೋಟೋ ತೆಗೆದದ್ದು ನೀವೇನಾ?"

"ಹೌದು."

"ಗಡಿಯಾರ ಸರಿಯಾಗಿತ್ತಾ?"

"ಹೌದು." ಭಾವ ಎಷ್ಟು ಬುದ್ಧಿವಂತರು!

ಅಧಿಕಾರಿ ಕನ್ನಡಕ ಇಳಿಸಿಕೊಂಡರು. "ಸೈರನ್ ಕೂಗಿದಾಗ ನೀವೆಲ್ಲಿದ್ರಿ?"

ಇದು ಪಾಠದಲ್ಲಿರಲಿಲ್ಲ. "ಅಂಗಳದಲ್ಲಿ" ಎಂದ.

"ಆಮೇಲೆ?"

"ಓಡಿದೆ."

"ಎಲ್ಲಿಗೆ?"

"ಗೇಟಿಗೆ." ಗುಮಾಸ್ತನ ಬೆರಳುಗಳು 'ಗೇಟಿಗೆ' ಎಂದು ಹೊಡೆಯುವ ಸದ್ದು ಕೇಳಿಸಿತು. "ಕ್ಯಾಮೆರಾ ಕಿತ್ಕೊಂಡು ಓಡಿದೆ. ಸ್ಟ್ಯಾಂಡ್ ಅಲ್ಲೇ ಬಿಟ್ಟೆ. ಯಾರನ್ನೋ ತಳ್ಳಿದೆ. ಮ್ಯಾನೇಜರ್ ಸಾಹೇಬರು ನನಗಿಂತ ಮುಂದಿದ್ರು." ಕೊನೆಯ ಮಾತನ್ನು ಚುಚ್ಚಬೇಕೆಂದು ಆಡಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ಭರದಲ್ಲಿ ಬಂದುಬಿಟ್ಟಿತ್ತು. ಆದರೆ ಮ್ಯಾನೇಜರ್ ಕಾಲು ಬದಲಿಸಿ ಕೂತರು.

"ನಿಮ್ಮ ಜೊತೆ ಅಂಗಳದಿಂದ ಓಡಿದವರಲ್ಲಿ ಈ ಆಪರೇಟರ್ ಇದ್ದರಾ?"

ನೆನಪಿಲ್ಲ ಎನ್ನಬೇಕು. ನಾಲ್ಕೇ ಅಕ್ಷರ. ತುಟಿ ಸೇರಿಸಿ ಬಿಡಿಸಿದರೆ ಮುಗಿಯಿತು, ಕೆಳಗೆ ಸ್ಕೂಟರ್ ಇದೆ, ಸಂಜೆ ಶಾಲೆಯ ಗುರುತಿನ ಚೀಟಿಯ ಫೋಟೋಗಳಿವೆ. ಅವನಿಗೆ ಕಾಣುತ್ತಿದ್ದದ್ದು ಒಂದು ಒದ್ದೆ ತಲೆ. ಬಾಚಣಿಗೆಯ ಹಲ್ಲಿನ ಗೆರೆಗಳೂ ಉಳಿದಿರುವ ತಲೆ. ಅದನ್ನು ಅವನು ಎರಡು ದಿನ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದ, ಬಿಸಿಲು ಬಳಿದಿದ್ದ, ಒದ್ದೆಯೆಂದು ಕಂಡಿರಲಿಲ್ಲ. ಅಥವಾ ಕಂಡಿತ್ತೇ? ಕಂಡೂ ಕಾಣದ ಹಾಗೆ ಅದನ್ನೂ ಒರೆಸಿಕೊಂಡಿದ್ದನೇ? ತನ್ನ ತಲೆಯೊಳಗೆ ತಾನು ಇನ್ನೂ ಏನೇನು ಒರೆಸಿದ್ದೇನೋ ಎಂದು ಹೊಳೆದದ್ದೇ ತಡ, ಮ್ಯಾನೇಜರ್ ಮೇಲಿನ ಭಯಕ್ಕಿಂತ, ಭಾವನ ಮೇಲಿನ ಭಯಕ್ಕಿಂತ ದೊಡ್ಡದಾದ ಭಯವೊಂದು ಅವನಲ್ಲಿ ಹುಟ್ಟಿತು.

"ಇರಲಿಲ್ಲ. ಅವರು ಬಂದದ್ದು ಬೆಳಿಗ್ಗೆ ಹತ್ತು ನಲವತ್ತಕ್ಕೆ. ಅಲ್ಲಿ ಅವರನ್ನು ಇಟ್ಟವನು ನಾನು" ಎಂದು ಜೇಬಿಗೆ ಕೈ ಹಾಕಿದ. ಕಾರ್ಡು ಕಾಗದದ ಮಡಿಕೆಯಲ್ಲಿ ಸಿಕ್ಕಿಕೊಂಡು ಕೆಳಗೆ ಬಿತ್ತು, ಮೇಜಿನಡಿ ತೂರಿ ಎತ್ತಿಕೊಳ್ಳಬೇಕಾಯಿತು. ಸತ್ಯ ಹೇಳುವವನು ಅಧಿಕಾರಿಯ ಕಾಲಬುಡದಲ್ಲಿ ಮಂಡಿಯೂರಿ ಎಣ್ಣೆಗಟ್ಟಿದ ನೆಲ ತಡಕುತ್ತಿದ್ದ.

ಗುಮಾಸ್ತ ಅದನ್ನು ಕಂಪ್ಯೂಟರಿಗೆ ಹಾಕಿದ. ಹತ್ತು ನಲವತ್ತು ತೋರಿಸುವ ಗಡಿಯಾರ, ಕೆಳಗೆ ಆರು ಜನ, ನಡುವೆ ಅದೇ ನಗು, ಅದೇ ತಲೆ. ಮ್ಯಾನೇಜರ್ ಎದ್ದು ನಿಂತರು. "ಮೇಡಂ, ಇವನ ಕಸುಬೇ ಇದು. ಅದನ್ನು ಮಾಡಿದವನು ಇದನ್ನೂ ಮಾಡಿರಬಹುದಲ್ಲ? ಇವನು ಮಾಡಿದ್ದನ್ನ ಹೇಗೆ ನಂಬೋದು?"

"ಅದು ಸರಿ" ಎಂದರು ಅಧಿಕಾರಿ. "ಹಾಗಾದ್ರೆ ನೀವು ಕೊಟ್ಟದ್ದನ್ನೂ ನಂಬೋ ಹಾಗಿಲ್ಲ." ದೊಡ್ಡ ಫೋಟೋವನ್ನು ಕಡತದಿಂದ ಬಿಡಿಸಿ ಬದಿಗಿಟ್ಟರು. ಫೋಟೋ ಇಲ್ಲದೆ ಆ ಆಪಾದನೆಗೆ ಬೇರೆ ಕಾಲಿರಲಿಲ್ಲ. ಆಮೇಲೆ ಅವನ ಕಡೆ ತಿರುಗಿ, "ಇಷ್ಟು ದಿನ ಇದನ್ನ ಜೇಬಲ್ಲಿ ಇಟ್ಕೊಂಡು ಏನು ಮಾಡ್ತಾ ಇದ್ರಿ?" ಎಂದರು.

"ಹೆದರ್ತಾ ಇದ್ದೆ."

"ಯಾರಿಗೆ?"

ಗುಮಾಸ್ತ ಬೆರಳೆತ್ತಿಕೊಂಡು ಕಾದ. ಕೊನೆಗೆ 'ಹೆದರಿದ್ದರಿಂದ' ಎಂದಷ್ಟೇ ಹೊಡೆದು, ಕಾಗದ ತೆಗೆದು ಸಹಿ ಮಾಡಿಸಿಕೊಂಡ.

ಹೊರಗೆ ಬೆಂಚಿನ ಮೇಲೆ ಭಾವ ಇರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಸ್ಕೂಟರೂ ಇರಲಿಲ್ಲ. ಮೀಟರಣ್ಣನ ಹೆಂಡತಿ ತೆರೆದ ಬಾಗಿಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬೈಯಬಹುದು, ಇಲ್ಲವೇ ಕೈಮುಗಿಯಬಹುದು; ಎರಡಕ್ಕೂ ಅವನು ಮುಖ ಸಿದ್ಧಮಾಡಿಕೊಂಡ. ಅವಳು ಎರಡನ್ನೂ ಮಾಡಲಿಲ್ಲ. "ನನ್ನ ಹೇಳಿಕೆ ಐದು ನಿಮಿಷ ಅಂತೆ. ಕೂತಿರಿ. ಆಮೇಲೆ ಆಸ್ಪತ್ರೆಗೆ ಬನ್ನಿ" ಎಂದಳು. ಅವನು ಕೂತ.

ಬಸ್ಸಿನಲ್ಲಿ, ಇಬ್ಬರ ನಡುವೆ ಅವಳ ಚೀಲವಿಟ್ಟುಕೊಂಡು ಕೂತಾಗ, ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ನಿಮ್ಮ ಫೋಟೋನ ಕಾರ್ಖಾನೆಯವರು ಆಸ್ಪತ್ರೆಗೆ ತಂದು ಇವರಿಗೆ ತೋರಿಸಿದ್ರು. ನೋಡಪ್ಪ, ಇಲ್ಲಿದೀಯ ಅಂತ. ಮೊದಲ ದಿನ ಅಲ್ಲ ಅಲ್ಲ ಅಂತ ತಲೆ ಆಡಿಸಿದ್ರು. ಎರಡನೇ ದಿನ ನೋಡ್ತಾ ಕೂತ್ರು. ಈಗ ನನ್ನನ್ನೇ ಬರೆದು ಕೇಳ್ತಾರೆ, ನಾನು ಹೊರಗಿದ್ದೆನಾ ಅಂತ."

ವಾರ್ಡಿನ ಕೊನೆಯ ಮಂಚ. ಊದಿದ ಮುಖದಲ್ಲಿ ಕಣ್ಣುಗಳು ಎರಡು ಸೀಳುಗಳಾಗಿದ್ದವು. ಕೂದಲು ಮಾತ್ರ ನೆಟ್ಟಗೆ ನಿಂತಿತ್ತು. ದಿಂಬಿಗೆ ಒರಗಿಸಿಟ್ಟ ಪ್ರಿಂಟು ಮಂಚದ ಮೇಲಿನವನಿಗಿಂತ ಹೆಚ್ಚು ಬದುಕಿರುವಂತೆ ಕಾಣುತ್ತಿತ್ತು. ಹೆಂಡತಿ ಕಿವಿಯ ಬಳಿ ಬಗ್ಗಿ, "ಫೋಟೋದವರು ಬಂದಿದಾರೆ. ಕೇಳಿ ಇವರನ್ನೇ" ಎಂದು ನೋಟ್‌ಬುಕ್ ಎದೆಯ ಮೇಲಿಟ್ಟಳು. ಮೀಟರಣ್ಣ ನಿಧಾನವಾಗಿ ಬರೆದ. *ಸಾಹೇಬರ ಪಕ್ಕ ನಿಂತಿದ್ದೆ. ಬಲಗಡೆ ಬಿಸಿಲು ಹೊಡೀತಿತ್ತು.*

"ಇಲ್ಲಣ್ಣ. ಆ ಬಿಸಿಲು ನಾನು ಹಾಕಿದ್ದು."

ತಲೆ ಅಡ್ಡಡ್ಡ ಆಡಿತು. *ಬಿಸಿ ನೆನಪಿದೆ. ನೀವು ನಗಿ ಅಂದ್ರಿ. ಆಮೇಲೆ ಸೈರನ್.*

ಅವನು ಕಾರ್ಡಿನ ವಿಷಯ ಹೇಳಿದ, ಅಧಿಕಾರಿ ಫೋಟೋ ಬದಿಗಿಟ್ಟದ್ದನ್ನು ಹೇಳಿದ. ಮೀಟರಣ್ಣ ಅವನನ್ನು ಕರುಣೆಯಿಂದ ನೋಡಿದ, ತನ್ನನ್ನು ಉಳಿಸಲು ಸುಳ್ಳು ಹೇಳಲು ಬಂದ ಒಳ್ಳೆಯವನೊಬ್ಬನನ್ನು ನೋಡುವ ಹಾಗೆ. *ನಾನು ಬಿಟ್ಟು ಬಂದದ್ದಕ್ಕೇ ಆಕೆ ಸತ್ತಳು* ಎಂದು ಬರೆದು, ಪೆನ್ನನ್ನು ಮುಚ್ಚಿದ. ಹೊರಗಿನ ಕಾಗದಗಳನ್ನೆಲ್ಲ ತಿದ್ದಬಹುದು, ಇದನ್ನು ತಿದ್ದುವುದು ಹೇಗೆ? ಈ ತಲೆಯೊಳಗೂ ಆ ಬಿಸಿಲನ್ನು ತಾನೇ ಜೋಡಿಸಿಬಿಟ್ಟಿದ್ದ, ಗೆರೆ ಕಾಣದ ಹಾಗೆ.

"ಗೇಟಿನ ಹತ್ತಿರ ನಿಂತು ತಿರುಗಿ ನೋಡಿದೆ" ಎಂದ. ಇದನ್ನು ಅವನು ಅಧಿಕಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. "ಯಂತ್ರದ ಮನೆ ಬಾಗಿಲಿಂದ ಬೆಳ್ಳಗೆ ಹೊಗೆ ಬರ್ತಿತ್ತು. ಅದರೊಳಗಿಂದ ನೀವು ಬಂದ್ರಿ, ಹಿಂದುಹಿಂದಕ್ಕೆ ನಡೀತಾ. ಒಬ್ಬ ಹೆಂಗಸನ್ನ ಕಂಕುಳಿಗೆ ಕೈ ಹಾಕಿ ಎಳ್ಕೊಂಡು ಬಂದ್ರಿ. ಅವರ ಒಂದು ಕಾಲಲ್ಲಿ ಬೂಟ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅವರನ್ನ ಮಲಗಿಸಿ ಮತ್ತೆ ಒಳಗೆ ಹೋದ್ರಿ. ನಾನು ಓಡಿದೋನು, ನೀವು ಮೊದಲು ಹೊರಗಿಂದ ಒಳಗೆ ಓಡೋದನ್ನ ನೋಡಲಿಲ್ಲ. ಒಳಗಿಂದ ಬಂದದ್ದನ್ನ ನೋಡಿದೆ. ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು. ಒತ್ತಲಿಲ್ಲ."

ಮೀಟರಣ್ಣ ಪೆನ್ನಿನ ಮುಚ್ಚಳ ತೆಗೆದ. *ಯಾವ ಕಾಲು?*

"ಎಡಗಾಲು. ಎಡಗಾಲಲ್ಲಿ ಬೂಟ್ ಇರಲಿಲ್ಲ."

*ಅವಳು?*

"ಇದ್ದಾರೆ" ಎಂದಳು ಹೆಂಡತಿ. "ಕೆಳಗಿನ ವಾರ್ಡಲ್ಲಿದಾರೆ. ನಿನ್ನೆ ಗಂಜಿ ಕುಡಿದ್ರಂತೆ."

ಸೀಳುಗಣ್ಣುಗಳು ಮುಚ್ಚಿಕೊಂಡವು. ನಂಬಿದನೋ, ದಣಿದನೋ ಗೊತ್ತಾಗಲಿಲ್ಲ. ಗಂಟೆ ಬಾರಿಸಿ ನೋಡಲು ಬಂದವರನ್ನೆಲ್ಲ ಹೊರಡಿಸುತ್ತಿದ್ದರು. ಬಾಗಿಲವರೆಗೆ ಬಂದ ಹೆಂಡತಿ, "ನಾಳೆನೂ ಬನ್ನಿ" ಎಂದಳು. "ಬೆಳಗಾದ್ರೆ ಇವರಿಗೆ ಮತ್ತೆ ಆ ಬಿಸಿಲೇ ನೆನಪಾಗುತ್ತೆ. ನಾನು ಹೇಳಿದ್ರೆ ನಂಬಲ್ಲ. ನೋಡಿದೋರು ನೀವು."

ಮಾರನೆಯ ದಿನ ಸ್ಟುಡಿಯೋದ ಬಾಗಿಲಿಗೆ ಹೋದಾಗ ಭಾವ ಅವನ ಕುರ್ಚಿಯ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಅದರಲ್ಲಿ ಅವನ ಲೆನ್ಸು, ಲೋಟ, ಹಳೆಯ ಸ್ವೆಟರು. ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದೇ ನಾಲ್ಕು ಗಂಟೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಕಣ್ಣಿನ ರೆಪ್ಪೆ ಇನ್ನೂ ಅದುರುತ್ತಿತ್ತು. ಮೀಟರಣ್ಣ ಅವನನ್ನು ಮೊದಲ ಸಲ ಕಾಣುವವನಂತೆ ನೋಡಿ, ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುವಿದ. *ನಾನು ಎಲ್ಲಿದ್ದೆ?*

ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಮಂಚದ ಅಂಚಿನಲ್ಲಿ ಕೂತು, "ಒಳಗೆ" ಎಂದು ಮೊದಲಿನಿಂದ ಶುರುಮಾಡಿದ.